ನಿನ್ನ ನಾಯಕಿ ಒಮ್ಮೆಯಾದರೂ ಜಗಳ ಆಡಲಿ

ಪ್ರೀತಿಯ ತಮ್ಮ,

ನಿನ್ನ ಕತೆ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ನಾಯಕಿ ಮೊದಲಿಂದ ಕೊನೆತನಕ ಸಹಿಸಿಕೊಳ್ಳುತ್ತಾಳೆ, ಕ್ಷಮಿಸುತ್ತಾಳೆ. ಒಂದು ಸಲವೂ ಸಿಡುಕುವುದಿಲ್ಲ. ಹೆಣ್ಣನ್ನು ಗೌರವದಿಂದ ತೋರಿಸಬೇಕು ಅಂತ ಹೀಗೆ ಬರೆದೆ ಅಂದಿದ್ದೀಯ. ಅದು ಗೌರವ ಅಲ್ಲ ಕಣೋ, ಗೋಡೆಗೆ ತಗುಲಿಹಾಕಿ ಹಾರ ಹಾಕಿದ ಫೋಟೋ.

ಈಚೆಗೆ ಆಫ್ರಿಕಾದ ಕಾದಂಬರಿಗಳನ್ನು ಮತ್ತೆ ಓದುತ್ತಿದ್ದೇನೆ. ಜಿಂಬಾಬ್ವೆಯ ಸಿತ್ಸಿ ದಂಗರೆಂಬ್ಗಾ ಬರೆದ 'ನರ್ವಸ್ ಕಂಡಿಷನ್ಸ್' (1988) ತೆರೆದರೆ, ಅಣ್ಣ ಸತ್ತಾಗ ನನಗೆ ದುಃಖವಾಗಲಿಲ್ಲ ಅನ್ನುತ್ತಾಳೆ ಕತೆ ಹೇಳುವ ಹುಡುಗಿ ತಂಬು. ಅದೇ ಮೊದಲ ಸಾಲು! ಎಂಥ ಹುಡುಗಿಯಪ್ಪಾ ಅನ್ನಿಸುತ್ತೆ, ಅಲ್ವಾ? ಮುಂದೆ ಓದು. ಫೀಸಿಗೆ ದುಡ್ಡಿಲ್ಲ ಅಂತ ಅವಳನ್ನು ಶಾಲೆ ಬಿಡಿಸುತ್ತಾರೆ, ಅಣ್ಣ ಹೋಗುತ್ತಾನೆ. ಪುಸ್ತಕ ಬೇಯಿಸಿ ಗಂಡನಿಗೆ ಬಡಿಸ್ತೀಯಾ ಅಂತ ಅಪ್ಪ ಕೇಳುತ್ತಾನೆ. ಫೀಸಿನ ದುಡ್ಡು ತಾನೇ ಹೊಂದಿಸಬೇಕು ಅಂತ ತಂಬು ಬೀಜ ಕೇಳಿ ಪಡೆದು ಮುಸುಕಿನ ಜೋಳ ಬಿತ್ತುತ್ತಾಳೆ. ಬೆಳೆ ಬಂದ ಮೇಲೆ ತೆನೆಗಳು ಒಂದೊಂದೇ ಮಾಯ. ಕದ್ದು ಗೆಳೆಯರಿಗೆ ಹಂಚುತ್ತಿದ್ದವನು ಆ ಅಣ್ಣನೇ. ಅವಳು ಅವನ ಮೇಲೆ ಬಿದ್ದು ಹೊಡೆಯುತ್ತಾಳೆ. ಕೊನೆಗೆ ಮೇಷ್ಟ್ರೊಬ್ಬರ ಜೊತೆ ಪೇಟೆಗೆ ಹೋದಾಗ ಹತ್ತು ಪೌಂಡ್ ಸಿಗುತ್ತದೆ. ಅದೂ ಜೋಳ ಮಾರಿ ಅಲ್ಲ, ಬಿಳಿ ಹೆಂಗಸೊಬ್ಬಳ ಕನಿಕರದಿಂದ. ಲೇಖಕಿ ಅದನ್ನೂ ಮುಚ್ಚಿಡಲಿಲ್ಲ. ತಂಬುವನ್ನು ನಾನು ನಂಬಿದ್ದು ಅಲ್ಲೇ.

ನೈಜೀರಿಯಾದ ಫ್ಲೋರಾ ನ್ವಾಪಾ 1966ರಲ್ಲೇ 'ಎಫುರು' ಬರೆದರು. ಎಫುರು ಮದುವೆಯಾದ ಹೊಸದರಲ್ಲೇ ಹೊಲದ ಕೆಲಸ ನನ್ನಿಂದಾಗದು ಅಂತ ಹೇಳಿ ವ್ಯಾಪಾರಕ್ಕೆ ಇಳಿಯುತ್ತಾಳೆ. ನಾಲ್ಕು ಜನಕ್ಕೆ ಸಾಲ ಕೊಡುವಷ್ಟು ಬೆಳೆಯುತ್ತಾಳೆ. ಇದ್ದೊಂದು ಮಗು ತೀರಿಕೊಳ್ಳುತ್ತದೆ, ಕಟ್ಟಿಕೊಂಡ ಇಬ್ಬರು ಗಂಡಂದಿರೂ ದಕ್ಕುವುದಿಲ್ಲ. ನ್ವಾಪಾ ಅವಳನ್ನು ಅಯ್ಯೋ ಪಾಪ ಅನ್ನುವಂತೆ ನಿಲ್ಲಿಸುವುದಿಲ್ಲ.

ಗಂಡಸಾಗಿ ಇದೆಲ್ಲ ನನಗೆ ಹೇಗೆ ಗೊತ್ತಾಗಬೇಕು ಅಂತ ಕೇಳಬೇಡ. ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಜೈಲಿನಲ್ಲಿ ಟಾಯ್ಲೆಟ್ ಪೇಪರ್ ಮೇಲೆ ವಾರಿಂಗಾ ಅನ್ನುವ ಹೆಣ್ಣಿನ ಕತೆ, 'ಡೆವಿಲ್ ಆನ್ ದ ಕ್ರಾಸ್', ಬರೆದರು. ಮೊದಲು ಟೈಪಿಸ್ಟ್ ಆಗಿದ್ದವಳು ಆಮೇಲೆ ಇಂಜಿನಿಯರಿಂಗ್ ಕಲಿತು ಗ್ಯಾರೇಜಿನಲ್ಲಿ ದುಡಿಯುತ್ತಾಳೆ. ಕೊನೆಗೆ ಪಿಸ್ತೂಲು ಹಿಡಿದದ್ದು ಸ್ವಲ್ಪ ಸಿನಿಮಾ ಆಯಿತು ಅನ್ನಿಸಿತು ನನಗೆ. ಇರಲಿ, ಕೈಗೆ ಮಸಿ ಹತ್ತಿದ ವಾರಿಂಗಾ ನಿಜವಾಗಿದ್ದಾಳೆ.

ನಿನ್ನವಳು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಾಳೆ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ಮೊಳಕ್ಕೆ ಎಷ್ಟು ಹೇಳುತ್ತಾಳೆ? ಚೌಕಾಸಿ ಮಾಡುವವರಿಗೆ ಏನಂತಾಳೆ? ಸಂಜೆ ಬಾಡಿದ ಹೂವನ್ನು ಏನು ಮಾಡುತ್ತಾಳೆ? ಪಕ್ಕದಲ್ಲಿ ಹೂ ಮಾರುವವಳ ಮೇಲೆ ಹೊಟ್ಟೆಕಿಚ್ಚು ಇಲ್ವಾ? ಇಷ್ಟು ಬರೆದು ಮತ್ತೆ ಕಳಿಸು. ಆ ಕ್ಷಮಿಸುವ ದೃಶ್ಯ ಸದ್ಯಕ್ಕೆ ಬೇಡ.

ನಿನ್ನ ಅಕ್ಕ