ಆಲ್ಪ್ಸ್ ಚಾರಣದ ಬರಹಗಳಲ್ಲಿ ಏರುವ ಎತ್ತರವೂ ಇರಲಿ

ಮಾನ್ಯ ಸಂಪಾದಕರೇ,

ಯುರೋಪ್ ಪ್ರವಾಸಕ್ಕೆ ಹೋಗುವ ಕನ್ನಡಿಗರು ಈಗ ಅರಮನೆ, ವಸ್ತುಸಂಗ್ರಹಾಲಯಗಳಿಗೆ ನಿಲ್ಲದೆ ಆಲ್ಪ್ಸ್‌ನ ಒಳಕಣಿವೆಗಳಲ್ಲೂ ಹೆಜ್ಜೆ ಹಾಕುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಪ್ರವಾಸ ಪುಟಗಳಲ್ಲಿ ಬರುವ ಬರಹಗಳು ‘ಎಂಟು ಕಿಲೋಮೀಟರ್ ನಡಿಗೆ, ಮೇಲೆ ಸುಂದರ ತಂಗುಮನೆ’ ಎಂದಷ್ಟೇ ಹೇಳಿ ಮುಗಿಸುತ್ತವೆ. ಮನೆಮಂದಿಯನ್ನು ಕಟ್ಟಿಕೊಂಡು ಹೊರಡುವವರಿಗೆ ಇಷ್ಟು ಸಾಲದು. ಹೊರಡುವ ಜಾಗ ಎಷ್ಟು ಎತ್ತರದಲ್ಲಿದೆ, ಒಟ್ಟು ಎಷ್ಟು ಮೀಟರ್ ಏರಬೇಕು, ದಾರಿಗೆ ಯಾವ ಬಣ್ಣದ ಗುರುತು, ಹಿಮನದಿ ಎಲ್ಲಿಂದ ಶುರು ಎಂಬ ನಾಲ್ಕು ಮಾಹಿತಿಯನ್ನು ಪ್ರತಿ ಬರಹದ ಕೆಳಗೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಉದಾಹರಣೆಗೆ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಓಟ್ಸ್‌ಟಾಲ್ ಕಣಿವೆಯನ್ನೇ ತೆಗೆದುಕೊಳ್ಳಿ. ಮೇಲೆ ಹೋದಂತೆ ಅದು ಎರಡು ಕವಲಾಗುತ್ತದೆ. ಒಂದು ಕವಲಿನ ಕೊನೆಯ ಹಳ್ಳಿ ಫೆಂಟ್, ಎತ್ತರ 1,895 ಮೀಟರ್. ಇನ್ಸ್‌ಬ್ರುಕ್‌ನಿಂದ ಲಾಂಡೆಕ್ ಕಡೆಯ ರೈಲಿನಲ್ಲಿ ಓಟ್ಸ್‌ಟಾಲ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಬಸ್ ಹಿಡಿಯಬೇಕು. ಫೆಂಟ್‌ನಿಂದ 2,501 ಮೀಟರ್ ಎತ್ತರದ ಮಾರ್ಟಿನ್ ಬುಷ್ ತಂಗುಮನೆಗೆ ಸುಮಾರು 8 ಕಿ.ಮೀ. ‘ಗಂಟೆಗೆ ನಾಲ್ಕು ಕಿಲೋಮೀಟರ್, ಎರಡೇ ಗಂಟೆ’ ಎಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿನ ಲೆಕ್ಕವೇ ಬೇರೆ. ಗಂಟೆಗೆ 300 ಮೀಟರ್ ಏರು, 500 ಮೀಟರ್ ಇಳಿಜಾರು, 4 ಕಿ.ಮೀ. ದೂರ. ಏರಿಳಿತಕ್ಕೆ ಬೇಕಾದ ಸಮಯವನ್ನೂ ದೂರಕ್ಕೆ ಬೇಕಾದ ಸಮಯವನ್ನೂ ಬೇರೆ ಬೇರೆ ಹಾಕಿ, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಬೇಕು. ಇಲ್ಲಿ 606 ಮೀಟರ್ ಏರಲು ಎರಡು ಗಂಟೆ, 8 ಕಿ.ಮೀ.ಗೆ ಎರಡು ಗಂಟೆ, ಒಟ್ಟು ಮೂರು ಗಂಟೆ. ಊಟ, ಫೋಟೊ, ಸುಧಾರಿಸಿಕೊಳ್ಳುವುದು ಎಲ್ಲ ಇದರ ಹೊರಗೆ. ದಾರಿಬದಿಯ ಹಳದಿ ಫಲಕಗಳು ಹೇಳುವ ಸಮಯವೂ ವಿಶ್ರಾಂತಿ ಬಿಟ್ಟು ಹೇಳುವ ಸಮಯವೇ.

ಹೊರಡುವ ಮತ್ತು ತಲುಪುವ ಜಾಗಗಳ ಎತ್ತರವನ್ನು ಕಳೆದು ನೋಡಿದರೂ ಸಾಲದು. ಫೆಂಟ್ ಮೇಲಿನ ಬ್ರೆಸ್ಲಾವರ್ ತಂಗುಮನೆ 2,844 ಮೀಟರ್, ಅಲ್ಲಿಂದ ಮುಂದಿನ ಫೆರ್ನಾಗ್ಟ್ ತಂಗುಮನೆ 2,755 ಮೀಟರ್. ಕಾಗದದ ಮೇಲೆ 89 ಮೀಟರ್ ಇಳಿದರೆ ಮುಗಿಯಿತು. ನಿಜದಲ್ಲಿ ನಡುವೆ ತೊರೆಗಳಿಗೆ ಇಳಿದು ಮತ್ತೆ ಆಚೆ ದಡ ಏರಬೇಕು. ಹಿಮ ಕರಗುವ ತೊರೆಗಳು ಬೆಳಿಗ್ಗೆ ತಣ್ಣಗೆ, ಕಡಿಮೆ ನೀರಿನಲ್ಲಿ ಹರಿಯುತ್ತವೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ಸೆಳವು ಹೆಚ್ಚುತ್ತದೆ. ಸೇತುವೆ ಇಲ್ಲದ ಕಡೆ ದಾಟುವುದಿದ್ದರೆ ಬೆಳಗಿನ ಹೊತ್ತೇ ಸರಿ. ಇದೇ ಫೆರ್ನಾಗ್ಟ್ ಹಿಮನದಿ ಹಿಂದೊಮ್ಮೆ ಕಣಿವೆಗೆ ಅಡ್ಡಲಾಗಿ ನುಗ್ಗಿ ರೋಫನ್ ತೊರೆಯನ್ನು ಕಟ್ಟಿಹಾಕಿ ಕೆರೆಯನ್ನೇ ಮಾಡಿತ್ತು. ಆ ಹಿಮದ ಕಟ್ಟೆ ಒಡೆದು 1600, 1678, 1845ರಲ್ಲಿ ಕೆಳಗಿನ ಓಟ್ಸ್‌ಟಾಲ್ ಮುಳುಗಿತು. ಇಂದು ಅದು ಕುಗ್ಗಿ ಬಹಳ ಮೇಲೆ ಸರಿದಿದೆ.

ಬಣ್ಣದ ಗುರುತಿನ ವಿಷಯ ಚಿಕ್ಕದು, ಆದರೆ ಮುಖ್ಯ. ಫಲಕದಲ್ಲಿ ಕೆಂಪು ಚುಕ್ಕೆ ಇದ್ದರೆ ಮಧ್ಯಮ ಕಷ್ಟದ ದಾರಿ, ಕಪ್ಪು ಚುಕ್ಕೆ ಇದ್ದರೆ ಕಡಿದಾದ, ಜಾರಿದರೆ ಕೆಳಗೇ ಹೋಗುವಂಥ ದಾರಿ. ಬಂಡೆಗಳ ಮೇಲೆ ಬಳಿದ ಕೆಂಪು–ಬಿಳಿ–ಕೆಂಪು ಪಟ್ಟಿ ದಾರಿ ಹೌದೆಂದು ಹೇಳುತ್ತದೆಯೇ ಹೊರತು ಸುಲಭ ಎಂದಲ್ಲ. ಮಂಜು ಕವಿದು ಮುಂದಿನ ಪಟ್ಟಿ ಕಾಣದಿದ್ದರೆ ಹಿಂದಿನ ಪಟ್ಟಿಗೆ ಮರಳಿ ಅಲ್ಲೇ ನಿಲ್ಲಬೇಕು.

ಹಿಮನದಿಯ ಮಾತನ್ನು ಒತ್ತಿ ಹೇಳಬೇಕಿದೆ. ಫೆಂಟ್ ಸುತ್ತ ಹಿಮನದಿ ಮುಟ್ಟದೆ 3,000 ಮೀಟರ್ ದಾಟಬಹುದಾದ ಶಿಖರಗಳಿವೆ. ಮಾರ್ಟಿನ್ ಬುಷ್ ಮೇಲಿನ ಕ್ರಾಯ್ಟ್ಸ್‌ಶ್ಪಿಟ್ಸ ಅಂಥದ್ದು, 3,455 ಮೀಟರ್. ತಂಗುಮನೆಯಿಂದ 954 ಮೀಟರ್ ಏರು. ಹೋಗಿ ಬರಲು ಆರು ಗಂಟೆ ಇಟ್ಟುಕೊಳ್ಳಬೇಕು. ಜುಲೈ ಮೊದಲ ವಾರಗಳಲ್ಲಿ ಮೇಲ್ಭಾಗದಲ್ಲಿ ಗಟ್ಟಿ ಹಿಮ ಉಳಿದಿರಬಹುದು. ಫೆಂಟ್‌ನಿಂದಲೇ ಒಂದೇ ದಿನದಲ್ಲಿ ಮುಗಿಸಲು ಹೊರಟರೆ 1,560 ಮೀಟರ್ ಏರಿ ಅಷ್ಟೇ ಇಳಿಯಬೇಕು. ಹಾಗೆ ಹೊರಟವರ ಮಂಡಿ ಸೋಲುವುದು ಇಳಿಯುವಾಗ. ಹಿಂದಿನ ರಾತ್ರಿ ತಂಗುಮನೆಯಲ್ಲಿ ಕಳೆಯುವುದೇ ವಿವೇಕ.

ಸಿಮಿಲಾವುನ್ ಶಿಖರದ ಕಥೆ ಬೇರೆ. ದೂರದಿಂದ ನುಣ್ಣನೆಯ ಬಿಳಿ ದಿಬ್ಬ, ಮೇಲೆ ಸಾಲಾಗಿ ಹೆಜ್ಜೆಗುರುತು. ಈ ಹೆಜ್ಜೆಗುರುತುಗಳೇ ಮೋಸ ಮಾಡುವುದು. ಹಿಮನದಿಯ ಬಿರುಕಿನ ಮೇಲೆ ಹಿಮದ ಪದರ ಸೇತುವೆಯಂತೆ ಕೂತಿರುತ್ತದೆ. ಬೆಳಿಗ್ಗೆ ಹತ್ತು ಜನರನ್ನು ತಡೆದ ಪದರ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಹನ್ನೊಂದನೆಯವರೊಂದಿಗೆ ಕುಸಿಯುತ್ತದೆ. ಹಗ್ಗ, ಸೊಂಟಪಟ್ಟಿ, ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳು (ಕ್ರಾಂಪನ್), ಹಿಮಗೊಡಲಿ, ಬಿರುಕಿಗೆ ಬಿದ್ದವರನ್ನು ಮೇಲೆತ್ತುವ ಅಭ್ಯಾಸ ಇಷ್ಟೂ ಇಲ್ಲದವರು ಪರವಾನಗಿ ಪಡೆದ ಪರ್ವತ ಮಾರ್ಗದರ್ಶಿ ಇಲ್ಲದೆ ಹಿಮನದಿಯ ಮೇಲೆ ಕಾಲಿಡಬಾರದು. 3,277 ಮೀಟರ್ ಎತ್ತರದ ಬ್ರಾಂಡನ್‌ಬುರ್ಗರ್ ಹೌಸ್ ಕೂಡ ತಂಗುಮನೆಯೇ. ಆದರೆ ಅಲ್ಲಿಗೆ ಹೋಗಲು ಹಿಮನದಿ ದಾಟಬೇಕು. ಪಟ್ಟಿಯಲ್ಲಿ ಹೆಸರಿದೆ ಎಂದು ಹಾಸಿಗೆ ಕಾದಿರಿಸಿಬಿಡುವುದು ಅಪಾಯ. ಇನ್ನೊಂದು ತೊಡಕೆಂದರೆ ಹಿಮನದಿಗಳು ಕರಗುವ ವೇಗಕ್ಕೆ ನಕ್ಷೆಗಳು ಹಳತಾಗುತ್ತಿವೆ. ನಕ್ಷೆಯಲ್ಲಿ ಹಿಮನದಿ ಸೂಚಿಸುವ ನೀಲಿ ಗೆರೆಗಳಿದ್ದ ಕಡೆ ಇಂದು ಸಡಿಲ ಕಲ್ಲುರಾಶಿ ಇರುತ್ತದೆ, ಹಿಮ ಹಿಡಿದಿಟ್ಟಿದ್ದ ಬಂಡೆಗಳು ಉರುಳುತ್ತವೆ. ಆಲ್ಪೈನ್ ಕ್ಲಬ್ಬಿನ 1:25,000 ನಕ್ಷೆಯ ಹೊಸ ಮುದ್ರಣ ಕೊಳ್ಳಿ, ಹೊರಡುವ ಮುನ್ನ ತಂಗುಮನೆ ನಡೆಸುವವರನ್ನು ಕೇಳಿ. ದಾರಿಯ ಇಂದಿನ ಸ್ಥಿತಿ ಗೊತ್ತಿರುವುದು ಅವರಿಗೇ.

ಸಿಮಿಲಾವುನ್ ಪಕ್ಕದ ಕಣಿವೆದಾರಿಯಲ್ಲಿ 3,019 ಮೀಟರ್ ಎತ್ತರದಲ್ಲಿ ಇನ್ನೊಂದು ತಂಗುಮನೆ ಇದೆ. ಅಲ್ಲಿಂದ ಟೀಸನ್‌ಯೋಖ್ ಎಂಬ ಜಾಗ ದೂರವಿಲ್ಲ. 1991ರ ಸೆಪ್ಟೆಂಬರ್ 19ರಂದು ಸುಮಾರು 5,300 ವರ್ಷ ಹಿಂದಿನ ಮನುಷ್ಯ ಓಟ್ಸಿಯ ದೇಹ ಹಿಮದಿಂದ ಹೊರಬಂದದ್ದು ಅಲ್ಲೇ, 3,210 ಮೀಟರ್‌ನಲ್ಲಿ, ಗಡಿಯಿಂದ 93 ಮೀಟರ್‌ನಷ್ಟು ಇಟಲಿಯ ಕಡೆಗೆ. ಇಟಲಿಯ ಶ್ನಾಲ್ಸ್ ಕಣಿವೆಯ ಕುರಿಗಾಹಿಗಳು ಇಂದಿಗೂ ಜೂನ್‌ನಲ್ಲಿ ಈ ಕಣಿವೆದಾರಿಯಿಂದಲೇ ಮಂದೆಯನ್ನು ಫೆಂಟ್‌ನ ಹುಲ್ಲುಗಾವಲಿಗೆ ತಂದು ಸೆಪ್ಟೆಂಬರ್‌ನಲ್ಲಿ ಹಿಂದಕ್ಕೆ ಹೊಡೆಯುತ್ತಾರೆ. ಮಂದೆ ಎದುರಾದರೆ ಗುಡ್ಡದ ಮೇಲ್ಬದಿಗೆ ಸರಿದು ನಿಂತು ದಾರಿ ಬಿಡಬೇಕು.

ತಂಗುಮನೆಗೆ ಜರ್ಮನ್ ಮಾತಿನಲ್ಲಿ ‘ಹ್ಯೂಟ’ ಎನ್ನುತ್ತಾರೆ, ಕೇಳಲು ನಮ್ಮ ‘ಹಟ್ಟಿ’ಯಂತೆಯೇ ಇದೆ. ಅದನ್ನು ಹೋಟೆಲ್ ಎಂದು ತಿಳಿದು ಹೋದವರಿಗೆ ಕಿರಿಕಿರಿ ಖಂಡಿತ. ಸಾಮಾನ್ಯವಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ತೆರೆದಿರುತ್ತವೆ. ಹಾಸಿಗೆ ಮೊದಲೇ ಕಾದಿರಿಸಬೇಕು, ಬರುವುದಿಲ್ಲವೆಂದಾದರೆ ತಪ್ಪದೆ ತಿಳಿಸಬೇಕು. ತಿಳಿಸದಿದ್ದರೆ ನೀವು ದಾರಿಯಲ್ಲಿ ಸಿಕ್ಕಿಬಿದ್ದಿದ್ದೀರೆಂದು ಹುಡುಕಾಟ ಶುರುವಾಗಬಹುದು. ಸಾಲು ಹಾಸಿಗೆಯ ದೊಡ್ಡ ಕೋಣೆ, ಹೊದಿಕೆ ಅವರೇ ಕೊಡುತ್ತಾರೆ. ಒಳಗೆ ಹಾಕಿಕೊಳ್ಳುವ ತೆಳು ಬಟ್ಟೆಯ ಮಲಗುಚೀಲ ನಿಮ್ಮದೇ ಇರಬೇಕು. ಬೂಟು ಹೊರಕೋಣೆಯಲ್ಲಿ ಬಿಡಬೇಕು, ರಾತ್ರಿ ಹತ್ತಕ್ಕೆ ಸದ್ದಿಲ್ಲ. ಸಾಕಷ್ಟು ನಗದು ಒಯ್ಯಿರಿ, ಕಾರ್ಡ್ ಎಲ್ಲೆಡೆ ನಡೆಯುವುದಿಲ್ಲ. ನೀರು, ವಿದ್ಯುತ್ ಎರಡೂ ಮಿತ. ಎಷ್ಟೋ ತಂಗುಮನೆಗಳಿಗೆ ದಿನಸಿ ಹೆಲಿಕಾಪ್ಟರಿನಲ್ಲಿ ಬರುತ್ತದೆ, ಬೆಲೆ ಯಾಕೆ ಹೆಚ್ಚು ಎಂಬುದಕ್ಕೆ ಉತ್ತರ ಅಲ್ಲಿದೆ. ನಿಮ್ಮ ಕಸ ನೀವೇ ಕೆಳಗೆ ತರಬೇಕು.

ಬಾಗಿಲ ಬಳಿಯ ದಾಖಲೆ ಪುಸ್ತಕವನ್ನು ಅಭಿಪ್ರಾಯ ಬರೆಯುವ ಪುಸ್ತಕವೆಂದು ಬಹಳ ಮಂದಿ ತಿಳಿಯುತ್ತಾರೆ. ಹೆಸರು, ತಾರೀಖು, ನಾಳೆ ಯಾವ ದಾರಿಯಲ್ಲಿ ಎಲ್ಲಿಗೆ ಎಂಬುದನ್ನು ಸ್ಪಷ್ಟ ಅಕ್ಷರದಲ್ಲಿ ಬರೆಯಿರಿ. ಯಾರಾದರೂ ಕಾಣೆಯಾದರೆ ರಕ್ಷಣಾ ತಂಡ ಮೊದಲು ತಿರುವಿ ನೋಡುವುದು ಇದನ್ನೇ.

ಹವಾಮಾನದ ಲೆಕ್ಕ ಗಡಿಯಾರಕ್ಕೆ ಕಟ್ಟಿದ್ದು. ಜುಲೈ–ಆಗಸ್ಟ್‌ನಲ್ಲಿ ಬೆಳಗಿನ ಆಕಾಶ ತಿಳಿಯಾಗಿದ್ದರೂ ಮಧ್ಯಾಹ್ನ ಗುಡುಗು ಮೋಡ ಕಟ್ಟುವುದು ಮಾಮೂಲು. ಆರು–ಏಳಕ್ಕೆ ಹೊರಟು ಎರಡರೊಳಗೆ ಸೂರಿನಡಿ ಸೇರಬೇಕು. ಮಿಂಚಿಗೂ ಗುಡುಗಿಗೂ ನಡುವೆ ಪ್ರತಿ ಮೂರು ಸೆಕೆಂಡಿಗೆ ಸಿಡಿಲು ಒಂದು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆ ಎಂದರೆ ಶಿಖರ, ಏಣು, ಶಿಖರದ ಕಬ್ಬಿಣದ ಶಿಲುಬೆ, ದಾರಿಗೆ ಕಟ್ಟಿದ ಉಕ್ಕಿನ ಹಗ್ಗ ಎಲ್ಲದರಿಂದ ದೂರ ಇಳಿಯಿರಿ. ಪ್ರತಿ 100 ಮೀಟರ್ ಏರಿಗೆ ಸುಮಾರು 0.65 ಡಿಗ್ರಿ ಚಳಿ ಹೆಚ್ಚುತ್ತದೆ. ಫೆಂಟ್‌ನಲ್ಲಿ 14 ಡಿಗ್ರಿ ಇದ್ದಾಗ ಕ್ರಾಯ್ಟ್ಸ್‌ಶ್ಪಿಟ್ಸದ ತುದಿಯಲ್ಲಿ ನಾಲ್ಕು, ಗಾಳಿ ಬೀಸಿದರೆ ಇನ್ನೂ ಚಳಿ. ಆಗಸ್ಟ್‌ನಲ್ಲೂ ಹಿಮ ಬಿದ್ದೀತು. ಟೋಪಿ, ಕೈಗವಸು, ಮಳೆಯಂಗಿ ಚೀಲದಲ್ಲೇ ಇರಲಿ.

ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಯ ಸಂಖ್ಯೆ 140, ಗಡಿಯ ಎರಡೂ ಕಡೆ ನಡೆಯುವುದು 112. ಚಾರಣದಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರೆ ಸಾವಿರಾರು ಯೂರೊಗಳ ಖರ್ಚು ಅವರ ಮೇಲೆಯೇ ಬೀಳುತ್ತದೆ. ಪ್ರವಾಸ ವಿಮೆಯಲ್ಲಿ ಪರ್ವತ ರಕ್ಷಣೆ ಸೇರಿದೆಯೇ, ಎಷ್ಟು ಎತ್ತರದವರೆಗೆ ಎಂದು ಮೊದಲೇ ಓದಿ ನೋಡಬೇಕು. ಫೋನ್ ಸಿಗ್ನಲ್ ಇಲ್ಲದ ಕಡೆ ನಿಮಿಷಕ್ಕೆ ಆರು ಸಲ ಟಾರ್ಚ್ ಬೆಳಗಿಸಿ ಅಥವಾ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಮಾಡಿ. ಆಚೆಯಿಂದ ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ನಿಮ್ಮ ಸುಳಿವು ಸಿಕ್ಕಿದೆ ಎಂದರ್ಥ.

ಇಂತಿ,
ಒಬ್ಬ ಓದುಗ