ಒಂದೇ ಮಾದರಿ, ಎರಡು ಕೆಂಪು

ಮಾನ್ಯ ಸಂಪಾದಕರೇ,

ಇಳಕಲ್ ಸೀರೆಗಳ ಚಿತ್ರ ತೆಗೆದು, ತಿದ್ದಿ, ದೂರದೂರಿನ ಗ್ರಾಹಕರಿಗೆ ಕಳುಹಿಸುವುದು ನನ್ನ ಕಸುಬು. ಕಳೆದ ತಿಂಗಳು ಒಂದೇ ಕಂಪನಿಯ, ಒಂದೇ ಮಾದರಿಯ 24 ಇಂಚಿನ ಎರಡು ಮಾನಿಟರ್‌ಗಳನ್ನು ಒಂದೇ ದಿನ ಕೊಂಡೆ. ಎಡಗಡೆಯದರಲ್ಲಿ ದಾಳಿಂಬೆ ಕೆಂಪಿನ ಸೆರಗು ದಾಳಿಂಬೆಯಂತೆಯೇ ಕಂಡಿತು; ಬಲಗಡೆಯದರಲ್ಲಿ ಅದೇ ಸೆರಗು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸೆರಗಿನ ಮೇಲಿನ ಟೋಪ್ ತೆನಿ ವಿನ್ಯಾಸದ ಅಚ್ಚ ಬಿಳಿ ಹಳದಿಗಟ್ಟಿತ್ತು.

ಕೇಬಲ್ ಅದಲುಬದಲು ಮಾಡಿದೆ. ಎರಡರ ಮೆನುವಿನಲ್ಲೂ ಬಿಳುಪಿನ ಛಾಯೆಯನ್ನು ಸೂಚಿಸುವ 6500 ಕೆಲ್ವಿನ್ ಆರಿಸಿದೆ. ವ್ಯತ್ಯಾಸ ಹೋಗಲಿಲ್ಲ. ಅಂಗಡಿಯವರು ಕಣ್ಣಿನ ಭ್ರಮೆ ಎಂದರು. ಭ್ರಮೆಯಲ್ಲ: ಪರದೆಯ ಹಿಂದಿನ ಎಲ್‌ಇಡಿ ದೀಪಗಳ ಬಿಳುಪು ತಯಾರಿಕೆಯ ಒಂದು ಕಂತಿನಿಂದ ಇನ್ನೊಂದು ಕಂತಿಗೆ ಬದಲಾಗುತ್ತದೆ, ಒಂದೇ ಮಾದರಿ ಸಂಖ್ಯೆಯೊಳಗೆ ಬೇರೆ ಬೇರೆ ತಯಾರಕರ ಪ್ಯಾನೆಲ್‌ಗಳೂ ಇರಬಹುದು. ಮೆನುವಿನಲ್ಲಿರುವ 6500 ಬರೀ ಹೆಸರು, ಅಳತೆಯಲ್ಲ.

ಕೊನೆಗೆ ಹುಬ್ಬಳ್ಳಿಯ ಗೆಳತಿಯೊಬ್ಬಳಿಂದ ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ತಂದು ಎರಡನ್ನೂ ಅಳೆದು ಹೊಂದಿಸಿದೆ. ಈಗ ಸಮೀಪಕ್ಕೆ ಬಂದಿವೆ. ಆದರೆ ಆ ಉಪಕರಣ ನನ್ನ ಒಂದು ಮಾನಿಟರ್‌ಗಿಂತ ದುಬಾರಿ; ಸಣ್ಣ ವ್ಯಾಪಾರಿಗಳು ಎಲ್ಲಿಂದ ತರಬೇಕು? ಅಷ್ಟರಲ್ಲಿ ಪುಣೆಯ ಗ್ರಾಹಕರೊಬ್ಬರು ಬಣ್ಣ ಬೇರೆ ಎಂದು ಸೀರೆ ಹಿಂದಿರುಗಿಸಿದ್ದರು. ದಿನಗಟ್ಟಲೆ ಕುಳಿತು ನೇಯ್ದವರದು ಅದರಲ್ಲಿ ಏನೂ ತಪ್ಪಿರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

ಕಾರ್ಖಾನೆಯಲ್ಲಿ ಅಳೆದ ಬಣ್ಣದ ವಿವರವನ್ನು ತಯಾರಕರು ಪ್ರತಿ ಪೆಟ್ಟಿಗೆಯ ಮೇಲೆ ಮುದ್ರಿಸಲಿ. ಜೋಡಿಯಾಗಿ ಕೊಂಡವು ಹೊಂದದಿದ್ದರೆ ಮಾರಾಟಗಾರರು ತಕರಾರಿಲ್ಲದೆ ಬದಲಾಯಿಸಿಕೊಡಲಿ.

– ಸೀರೆ ವ್ಯಾಪಾರಿ, ಇಳಕಲ್