ಗೆಳೆಯನಿಗೊಂದು ಪತ್ರ: ‘ಥೋಲ್’ ಎಂಬ ಹಳೆಯ ಮಾತು

ಪ್ರಿಯ ಗೆಳೆಯ,

ನಮ್ಮ ‘ತಾಳು’ ಎಂಬ ಮಾತಿಗೆ ಸರಿಸಮನಾದದ್ದು ಬೇರೆ ಭಾಷೆಗಳಲ್ಲಿ ಇದೆಯೇ ಎಂದು ಕಳೆದ ಪತ್ರದಲ್ಲಿ ಕೇಳಿದ್ದೆಯಲ್ಲ, ಅಂದಿನಿಂದ ಸ್ಕಾಟ್ಲೆಂಡಿನ ಹಳೆಯ ಸ್ಕಾಟ್ಸ್ ಭಾಷೆಯ ‘ಥೋಲ್’ ನನ್ನ ಮನಸ್ಸಿನಲ್ಲಿ ಕುಳಿತಿದೆ. ದನಿಯಲ್ಲೂ ಅರ್ಥದಲ್ಲೂ ಹತ್ತಿರವಿದ್ದರೂ ಇವೆರಡು ನೆಂಟರಲ್ಲ, ಹೋಲಿಕೆ ಆಕಸ್ಮಿಕ. ಥೋಲ್‌ಗೆ ನಿಜವಾದ ನಂಟಿರುವುದು ನಾವು ತುಲಾಭಾರ ಎನ್ನುವಾಗ ಬರುವ ಸಂಸ್ಕೃತದ ‘ತುಲಾ’ ಶಬ್ದದೊಂದಿಗೆ. ಎತ್ತು, ಹೊರು ಎಂಬ ಅರ್ಥದ ಒಂದೇ ಧಾತುವಿನಿಂದ ಎರಡೂ ಹುಟ್ಟಿವೆ.

1700ರವರೆಗಿನ ಸ್ಕಾಟ್ಸ್ ಬರಹಗಳನ್ನು ಆಧರಿಸಿ, ವಿಲಿಯಂ ಕ್ರೇಗಿಯವರು ಆರಂಭಿಸಿ, 1931ರಿಂದ 2002ರವರೆಗೆ 12 ಸಂಪುಟಗಳಲ್ಲಿ ಹೊರಬಂದ ನಿಘಂಟಿನಲ್ಲಿ ಈ ಪದದ ಬಾಳು ದಾಖಲಾಗಿದೆ. ನೋವು, ಕಷ್ಟ, ಸಾವುಗಳನ್ನು ಅನುಭವಿಸುವುದು ಮೊದಲ ಅರ್ಥ. ತಾಳ್ಮೆಯ ಮನಸ್ಸಿನವನನ್ನು ‘ಥೋಲ್‌ಮೂಡ್’ ಎನ್ನುತ್ತಿದ್ದರು. ‘ಆಗಗೊಡು, ಅವಕಾಶ ಕೊಡು’ ಎಂಬುದು ಇನ್ನೊಂದು ಅರ್ಥ. ಇದು ವಿಚಿತ್ರವೆನಿಸಿದರೆ ನಮ್ಮದೇ ಮಾತನ್ನು ನೆನೆದುಕೋ: ಮನೆಯ ಹಿರಿಯರು ‘ಇದನ್ನೆಲ್ಲ ನಾನು ಸಹಿಸುವುದಿಲ್ಲ’ ಎಂದಾಗ ತಮಗೆ ನೋವಾಗುತ್ತದೆ ಎಂದಷ್ಟೇ ಹೇಳುತ್ತಿರುವುದಿಲ್ಲ, ಹಾಗಾಗಲು ಬಿಡುವುದಿಲ್ಲ ಎಂದೂ ಹೇಳುತ್ತಿರುತ್ತಾರೆ.

ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ನ್ಯಾಯಾಲಯದ ಬಳಕೆ. ಅಪರಾಧ ಹೊರಿಸಲ್ಪಟ್ಟವನು ‘ಅಸೈಜ್’ ಮುಂದೆ, ಎಂದರೆ ತೀರ್ಪು ಹೇಳಲು ಪ್ರಮಾಣ ಮಾಡಿ ಕುಳಿತ ಜನರ ಮುಂದೆ, ವಿಚಾರಣೆಗೆ ನಿಲ್ಲುವುದನ್ನು ‘ಅಸೈಜನ್ನು ಥೋಲ್ ಮಾಡುವುದು’ ಎಂದೇ ಬರೆಯುತ್ತಿದ್ದರು. ಶಿಕ್ಷೆಯಾಗಲಿ ಬಿಡುಗಡೆಯಾಗಲಿ, ಅಲ್ಲಿ ನಿಂತು ತೀರ್ಪಿಗೆ ಕಾಯುವುದೇ ಹೊರಬೇಕಾದ ಒಂದು ಭಾರ ಎಂಬ ಅರಿವು ಆ ಕ್ರಿಯಾಪದದಲ್ಲಿದೆ. ಆ ಭಾರವನ್ನು ಒಮ್ಮೆ ಹೊತ್ತು ಮುಗಿಸಿದವನ ಮೇಲೆ ಅದೇ ಆರೋಪಕ್ಕಾಗಿ ಅದನ್ನು ಮತ್ತೆ ಹೇರಬಾರದೆಂಬ ನಿಯಮಕ್ಕೆ ಸ್ಕಾಟ್ಲೆಂಡಿನ ವಕೀಲರು ಇಂದಿಗೂ ಬಳಸುವುದು ಇದೇ ನುಡಿಗಟ್ಟನ್ನು. 2011ರ ಕಾಯಿದೆ ಹೊಸ ಬಲವಾದ ಸಾಕ್ಷ್ಯ ಸಿಕ್ಕಂಥ ಕೆಲವು ಸಂದರ್ಭಗಳಲ್ಲಿ ಮರುವಿಚಾರಣೆಗೆ ಎಡೆ ಮಾಡಿಕೊಟ್ಟಿತಾದರೂ ಮೂಲ ನಿಯಮ ಉಳಿದಿದೆ. ಕಾನೂನಿನ ಒಣ ಭಾಷೆಯಲ್ಲಿ ಮನುಷ್ಯನ ಸಂಕಟಕ್ಕೆ ಇಷ್ಟು ಜಾಗ ಕೊಟ್ಟ ಪದ ನನಗೆ ಬೇರೆ ಕಂಡಿಲ್ಲ.

ಸ್ಕಾಟ್ಲೆಂಡಿನಲ್ಲೂ ಉತ್ತರ ಐರ್ಲೆಂಡಿನಲ್ಲೂ ಈ ಪದ ಇನ್ನೂ ಜನರ ಬಾಯಲ್ಲಿದೆ. ನಿಮ್ಮ ಊರಿನ ಹಿರಿಯರು ‘ಸ್ವಲ್ಪ ತಾಳು’ ಎಂದು ಕಾಯಿಸುವುದರ ಆಚೆಗೆ, ವಿಶೇಷವಾಗಿ ನ್ಯಾಯ ಪಂಚಾಯಿತಿಯ ಮಾತಿನಲ್ಲಿ, ‘ತಾಳು’ವನ್ನು ಹೇಗೆ ಬಳಸುತ್ತಾರೆಂದು ಕೇಳಿ ಬರೆ.

ನಿನ್ನ ಗೆಳೆಯ